ಬೂದಿಯೆಲ್ಲ ಗೊಬ್ಬರವಲ್ಲ

ಪುಣೆಯಲ್ಲಿ ನೆಲೆಸಿದ ನಮ್ಮಲ್ಲನೇಕರಿಗೆ ರಾಯಚೂರು, ವಿಜಾಪುರದ ಕಡೆ ಇನ್ನೂ ನಾಲ್ಕಾರು ಎಕರೆ ಹೊಲವಿದೆ. ಪಾಲಿಗೆ ಮಾಡುವವರು, "ವಿದ್ಯುತ್ ಸ್ಥಾವರದ ಹಾರುಬೂದಿ ಪುಕ್ಕಟೆ ಸಿಗುತ್ತದೆ, ಜೋಳಕ್ಕೆ ಹಾಕಿಸೋಣವೇ?" ಎಂದು ಕೇಳಿದರೆ, ಫೋನಿನಲ್ಲೇ "ಆಗಲಿ" ಎಂದುಬಿಡುವುದು ಸರಿಯಲ್ಲ. ಪುಕ್ಕಟೆ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಎಂಬ ಗಾದೆ ಹೊಲಕ್ಕೆ ಒಪ್ಪುವುದಿಲ್ಲ.

ನಮ್ಮ ಹಿರಿಯರು ಒಲೆಯ ಬೂದಿಯನ್ನು ತಿಪ್ಪೆಗೆ ಹಾಕುತ್ತಿದ್ದರಲ್ಲ ಎನ್ನಬಹುದು. ಹೆಸರು ಒಂದೇ, ವಸ್ತು ಬೇರೆ. ಒಲೆಯ ಬೂದಿ, ಗಿಡಮರಗಳು ಮಣ್ಣಿನಿಂದ ಪಡೆದ ಪೊಟ್ಯಾಷನ್ನು ಮಣ್ಣಿಗೇ ಹಿಂತಿರುಗಿಸುತ್ತದೆ. ಹಾರುಬೂದಿ ಗಣಿಯ ಕಲ್ಲಿದ್ದಲಿನದು. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ನೂರಕ್ಕೆ 30ರಿಂದ 45 ಪಾಲು ಬೂದಿಯೇ. ಅದರಲ್ಲಿ ಸಾರಜನಕ ಇಲ್ಲವೆನ್ನುವಷ್ಟು ಕಡಿಮೆ. ಆರ್ಸೆನಿಕ್, ಸೀಸ, ಕ್ರೋಮಿಯಂ ಮಾತ್ರ ಅಷ್ಟಿಷ್ಟು ಇದ್ದೇ ಇರುತ್ತವೆ. ಬೋರಾನ್ ಬೆಳೆಗೆ ಬೇಕಾದದ್ದೇ, ಆದರೆ ತುಸು ಹೆಚ್ಚಾದರೂ ವಿಷ.

ಹಾರುಬೂದಿಯಿಂದ ಲಾಭವೇ ಇಲ್ಲವೆಂದು ನಾನು ಹೇಳುವುದಿಲ್ಲ. ಕ್ಷಾರಗುಣದ ಬೂದಿ ಹುಳಿಮಣ್ಣನ್ನು ಸರಿಪಡಿಸಬಲ್ಲದು, ಸಿಲಿಕಾ ಭತ್ತಕ್ಕೆ ಹಿತ, ಅಂಟುಮಣ್ಣು ಸಡಿಲಾಗಬಹುದು. ಅದೂ ಅಳತೆಯಲ್ಲಿ, ತಿಪ್ಪೆಗೊಬ್ಬರದ ಜೊತೆಗೆ ಹಾಕಿದಾಗ. ಆದರೆ ನಮ್ಮ ಎರೆಭೂಮಿ ಬಹುಮಟ್ಟಿಗೆ ಮೊದಲೇ ಕ್ಷಾರ. ಅದಕ್ಕೆ ಇನ್ನಷ್ಟು ಕ್ಷಾರವನ್ನು ಲಾರಿಗಟ್ಟಲೆ ಸುರಿಯುವುದು ಯಾವ ನ್ಯಾಯ? ಒಮ್ಮೆ ಮಣ್ಣಿನಲ್ಲಿ ಬೆರೆತ ಬೂದಿಯನ್ನು ಮತ್ತೆ ಹೆಕ್ಕಿ ತೆಗೆಯಲಾಗದು.

ಪುಕ್ಕಟೆ ಏಕೆಂಬುದನ್ನೂ ತಿಳಿಯಬೇಕು. ರಾಯಚೂರಿನ ಶಾಖೋತ್ಪನ್ನ ಸ್ಥಾವರ 1720 ಮೆಗಾವಾಟಿನದು, ಕೂಡಗಿಯದು 2400. ಇಷ್ಟು ದೊಡ್ಡ ಸ್ಥಾವರಗಳಲ್ಲಿ ದಿನವೂ ಬೀಳುವ ಬೂದಿ ಎಲ್ಲಿಗಾದರೂ ಹೋಗಲೇಬೇಕು. ಕೇಂದ್ರ ಸರಕಾರದ 31 ಡಿಸೆಂಬರ್ 2021ರ ಅಧಿಸೂಚನೆಯಂತೆ, ಗಡುವಿನೊಳಗೆ ಬಳಕೆಯಾಗದ ಬೂದಿಗೆ ಸ್ಥಾವರ ಟನ್ನಿಗೆ 1000 ರೂಪಾಯಿ ತೆರಬೇಕು. ಅಂದಮೇಲೆ ಬೂದಿ ಪಡೆಯುವ ರೈತ ಉಪಕಾರ ಪಡೆಯುವವನಲ್ಲ, ಮಾಡುವವನು! ಅದೇ ಅಧಿಸೂಚನೆ, ಕೃಷಿಗೆ ಬಳಸುವುದಾದರೆ ಮಣ್ಣಿನ ಪರೀಕ್ಷೆಯ ಆಧಾರದ ಮೇಲೆ, ಹತೋಟಿಯಲ್ಲಿ ಬಳಸಬೇಕೆಂದೂ ಹೇಳುತ್ತದೆ. ಈ ಮಾತನ್ನು ರೈತನಿಗೆ ಹೇಳುವವರು ಯಾರು?

ಇಲ್ಲೇ ನಮ್ಮ ಕಣ್ಣೆದುರಿನ ಮಗರಪಟ್ಟಾವನ್ನು ನೋಡಿ. ಅಲ್ಲಿನ ಸುಮಾರು 120 ರೈತ ಕುಟುಂಬಗಳು 400ಕ್ಕೂ ಹೆಚ್ಚು ಎಕರೆಯನ್ನು ಒಟ್ಟುಗೂಡಿಸಿದವು. ಯಾರಿಗೋ ಮಾರಿ ಕೈತೊಳೆದುಕೊಳ್ಳದೆ ತಾವೇ ಪಾಲುದಾರರಾದವು. ತಮ್ಮ ನೆಲದ ಲೆಕ್ಕವನ್ನು ತಾವೇ ಕೇಳಿದರು. ಆ ನೆಲದ ಮೇಲೆದ್ದ ಮನೆಗಳಲ್ಲಿ ಬಾಳುವ ನಾವು ನಮ್ಮ ಹೊಲದ ಲೆಕ್ಕ ಕೇಳಬಾರದೇ?

ಆದ್ದರಿಂದ ಮೊದಲು ಮಣ್ಣಿನ ಪರೀಕ್ಷೆ. ಬೂದಿಯ ಪರೀಕ್ಷಾ ವರದಿ, ಅದೂ ಸ್ಥಾವರದ ಖರ್ಚಿನಲ್ಲಿ. ಕೃಷಿ ವಿಜ್ಞಾನ ಕೇಂದ್ರದ ಸಲಹೆ. ಆಮೇಲೆ ಹೊಲದ ಒಂದು ಮೂಲೆಯಲ್ಲಿ ಒಂದು ಹಂಗಾಮಿನ ಪ್ರಯೋಗ. ಇಷ್ಟಾಗುವವರೆಗೆ ಲಾರಿ ಬದುವಿನಾಚೆಯೇ ನಿಲ್ಲಲಿ. ಆ ಹೊಲದ ಜೋಳದ ರೊಟ್ಟಿ ತಿನ್ನುವವರು ಪಾಲಿನವರ ಮಕ್ಕಳು, ಊರಿನಿಂದ ಚೀಲ ಬಂದಾಗ ನಮ್ಮ ಮಕ್ಕಳೂ.