ಪರೀಕ್ಷೆಯೂ ಬಹುಮಾನವೂ ಇಲ್ಲದ ಸಂಗೀತ

ನಮ್ಮ ಊರುಗಳಲ್ಲಿ ಸಂಗೀತ ಕಲಿಯುವ ಮಕ್ಕಳಿಗೆ ಈಗ ಕೊರತೆಯೇನಿಲ್ಲ. ಜೂನಿಯರ್, ಸೀನಿಯರ್ ಪರೀಕ್ಷೆಗಳಿವೆ, ಸ್ಪರ್ಧೆಗಳಿವೆ, ಬಹುಮಾನಗಳಿವೆ. ಇಲ್ಲದಿರುವುದು ಒಂದೇ: ಈ ಮಕ್ಕಳು ಅಂಕದ ಹಂಗಿಲ್ಲದೆ, ಕೇವಲ ಸಂತೋಷಕ್ಕಾಗಿ ಒಟ್ಟಿಗೆ ಕುಳಿತು ಹಾಡುವ, ನುಡಿಸುವ ಅವಕಾಶ. ತಿಂಗಳಿಗೊಮ್ಮೆಯಾದರೂ ಅಂತಹ ಕೂಟವೊಂದು ಪ್ರತಿ ಬಡಾವಣೆಯಲ್ಲೂ ನಡೆಯಬೇಕೆಂಬುದು ನನ್ನ ಬಹುಕಾಲದ ಅಭಿಪ್ರಾಯ.

ಇದರ ಅಗತ್ಯವನ್ನು ನಮ್ಮ ಪಾಠಕ್ರಮವೇ ಹೇಳುತ್ತದೆ. ಮಾಯಾಮಾಳವಗೌಳದಲ್ಲಿ ಸರಳೆ, ಜಂಟಿವರಸೆ, ಅಲಂಕಾರ, ಮಲಹರಿಯಲ್ಲಿ ಗೀತೆ, ಆಮೇಲೆ ವರ್ಣ. ಇವೆಲ್ಲವೂ ಬಹುಮಟ್ಟಿಗೆ ಗುರುವಿನ ಎದುರು ಕುಳಿತು ಕಲಿಯುವಂಥವು. ಪಿಟೀಲಿನ ವಿದ್ಯಾರ್ಥಿಗೆ ಬೆರಳು ಪಳಗಿರುತ್ತದೆ. ಆದರೆ ಹಾಡುವವರು ನಿಂತಲ್ಲಿ ತಾನೂ ನಿಲ್ಲುವುದು, ಅವರು ಬಿಟ್ಟಲ್ಲಿಂದ ಎತ್ತಿಕೊಳ್ಳುವುದು ಅಭ್ಯಾಸವಾಗಿರುವುದಿಲ್ಲ. ಮೃದಂಗದ ವಿದ್ಯಾರ್ಥಿ ಜತಿಗಳನ್ನೆಲ್ಲ ಬಾಯಿಪಾಠ ಮಾಡಿದ್ದರೂ ಒಂದು ಕೀರ್ತನೆಗೆ ನುಡಿಸಿರುವುದಿಲ್ಲ. ಪಕ್ಕದಲ್ಲಿ ಯಾರೂ ಇಲ್ಲದೆ ಪಕ್ಕವಾದ್ಯ ಕಲಿಯುವುದಾದರೂ ಹೇಗೆ?

ಪ್ರೌಢಶಾಲೆಯಲ್ಲಿ ಪಾಠ ಹೇಳಿದ ವರ್ಷಗಳಲ್ಲಿ ಮತ್ತೊಂದನ್ನೂ ಕಂಡಿದ್ದೇನೆ. ಎಂಟು, ಒಂಬತ್ತನೆಯ ತರಗತಿಗೆ ಬರುವಾಗ ಹುಡುಗರ ಕಂಠ ಒಡೆಯುತ್ತದೆ. ನಿನ್ನೆಯವರೆಗೆ ಹುಡುಗಿಯರ ಶ್ರುತಿಯಲ್ಲೇ ಸಲೀಸಾಗಿ ಹಾಡುತ್ತಿದ್ದವನಿಗೆ ತಾರಷಡ್ಜವೇ ಎಟಕುವುದಿಲ್ಲ. ನಾಚಿಕೆಯಿಂದ ಸ್ಪರ್ಧೆ ಬಿಡುತ್ತಾನೆ, ಪಾಠ ಬಿಡುತ್ತಾನೆ, ಅಷ್ಟರಲ್ಲಿ ಎಸ್.ಎಸ್.ಎಲ್.ಸಿ. ಬರುತ್ತದೆ. ಐದಾರು ವರ್ಷಗಳ ಕಲಿಕೆ ಅಲ್ಲಿಗೆ ಮುಗಿಯಿತು. ಕೂಟವೊಂದಿದ್ದರೆ ಅವನು ತಾಳ ಹಾಕಬಹುದು, ತಂಬೂರಿ ಮೀಟಬಹುದು, ಕೆಳಸ್ಥಾಯಿಯಲ್ಲಿ ಮೆಲ್ಲಗೆ ದನಿಗೂಡಿಸಬಹುದು. ಕಂಠ ನೆಲೆಗೊಳ್ಳುವವರೆಗೆ ಸಂಗೀತದ ನಂಟು ಉಳಿಯುತ್ತದೆ.

ಇದೇನೂ ಹೊಸ ಕಲ್ಪನೆಯಲ್ಲ. ನಮ್ಮ ಹಳ್ಳಿಗಳ ಭಜನೆ ಮಂಡಲಿಗಳಲ್ಲಿ ಬಲ್ಲವರು ಹಾಡುತ್ತಿದ್ದರು, ಬಾರದವರು ತಾಳ ತಟ್ಟುತ್ತಿದ್ದರು, ಅಂಕ ಹಾಕುವವರಿರಲಿಲ್ಲ. ತಿರುವೈಯಾರಿನಲ್ಲಿ ಪುಷ್ಯ ಬಹುಳ ಪಂಚಮಿಯಂದು ತ್ಯಾಗರಾಜರ ಪಂಚರತ್ನ ಕೃತಿಗಳನ್ನು ವಿದ್ವಾಂಸರೂ ವಿದ್ಯಾರ್ಥಿಗಳೂ ಒಕ್ಕೊರಲಿನಿಂದ ಹಾಡುತ್ತಾರೆ. ಪಾಶ್ಚಾತ್ಯರಲ್ಲಿ ಇಂತಹ ಕೂಟಕ್ಕೆ ‘ಜ್ಯಾಮ್ ಸೆಷನ್’ ಎಂಬ ಹೆಸರು. 1940ರ ದಶಕದ ಆರಂಭದಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಜ್ಯಾಝ್ ವಾದಕರು ರಾತ್ರಿಯ ಸಂಬಳದ ಕಛೇರಿ ಮುಗಿಸಿ ತಮಗಾಗಿ ನುಡಿಸಿಕೊಳ್ಳುತ್ತಿದ್ದರು. ‘ಬೀಬಾಪ್’ ಎಂಬ ಹೊಸ ಶೈಲಿ ರೂಪುಗೊಂಡದ್ದು ಅಂತಹ ಕೂಟಗಳಲ್ಲೇ.

ಗುಂಪಿನಲ್ಲಿ ಹಾಡಿದರೆ ಶ್ರುತಿ ಕೆಡುತ್ತದೆ, ಪಾಠಾಂತರ ಕಲಸಿಹೋಗುತ್ತದೆ ಎಂದು ಆಕ್ಷೇಪಿಸುವ ಗುರುಗಳಿದ್ದಾರೆ. ಅವರ ಆತಂಕ ನಿರಾಧಾರವಲ್ಲ. ಆದರೆ ಪರಿಹಾರ ಕಷ್ಟವಲ್ಲ. ಎಲ್ಲರಿಗೂ ಬರುವ ಗೀತೆ, ವರ್ಣಗಳನ್ನಷ್ಟೇ ಒಟ್ಟಿಗೆ ಹಾಡಲಿ. ಹಿರಿಯ ವಿದ್ಯಾರ್ಥಿಯೊಬ್ಬ ಶ್ರುತಿಯನ್ನಷ್ಟೇ ಗಮನಿಸುತ್ತಿರಲಿ. ಪಾಠಾಂತರ ಬೇರೆಯಾದಲ್ಲಿ ಒಬ್ಬೊಬ್ಬರಾಗಿ ಹಾಡಿ, ಉಳಿದವರು ಕೇಳಲಿ. ಒಂದೇ ಸಂಗತಿಯನ್ನು ಎರಡು ಬಗೆಯಲ್ಲಿ ಕೇಳುವುದೂ ಶಿಕ್ಷಣವೇ.

ನಡೆಸುವ ಬಗೆ ಸರಳವಾಗಿರಲಿ. ಹತ್ತು ಮಕ್ಕಳು, ಎರಡು ಗಂಟೆ. ಮೊದಲು ಸರಳೆವರಸೆ ಮೂರು ಕಾಲಗಳಲ್ಲಿ. ಬಳಿಕ ಒಂದು ವರ್ಣ. ಆಮೇಲೆ ಮೋಹನದಂತಹ ಸುಲಭ ರಾಗದಲ್ಲಿ, ಆದಿತಾಳದ ಒಂದೊಂದು ಆವರ್ತಕ್ಕೆ ಒಬ್ಬೊಬ್ಬರು ಸ್ವರ ಹಾಕಲಿ. ಎಂಟು ಅಕ್ಷರದೊಳಗೆ ತಪ್ಪಿದರೆ ನಕ್ಕು ಮುಂದಿನವರಿಗೆ ಬಿಡಲಿ. ನಿಯಮಗಳು ಮೂರೇ: ತಂದೆತಾಯಿಗಳು ಎದುರು ಕೂರಬಾರದು, ಮೊಬೈಲಿನಲ್ಲಿ ಚಿತ್ರೀಕರಿಸಬಾರದು, ಹಾಡುತ್ತಿರುವಾಗ ಯಾರೂ ತಿದ್ದಬಾರದು.

“ಇದರಿಂದೇನು ಪ್ರಯೋಜನ, ಸರ್ಟಿಫಿಕೇಟ್ ಸಿಗುತ್ತದೆಯೇ?” ಎಂದು ಪೋಷಕರು ಕೇಳಬಹುದು. ಸಿಗುವುದಿಲ್ಲ. ಆದರೆ ಜೊತೆಗಾರರುಳ್ಳ ಮಗು ಸಂಗೀತವನ್ನು ಅಷ್ಟು ಸುಲಭವಾಗಿ ಬಿಡುವುದಿಲ್ಲ. ತಿಂಗಳಿಗೊಂದು ಭಾನುವಾರ ನಿಮ್ಮ ಮನೆಯ ಹಜಾರ ಖಾಲಿಯಿದ್ದರೆ ಯೋಚಿಸಿ ನೋಡಿ. ಒಂದು ಜಮಖಾನ, ಒಂದು ಶ್ರುತಿಪೆಟ್ಟಿಗೆ, ಕೊನೆಯಲ್ಲಿ ಎಲ್ಲರಿಗೂ ಒಂದಿಷ್ಟು ಚುರುಮುರಿ ಇದ್ದರೆ ಸಾಕು.