ಅರ್ಧ ಇಂಚು ನೀರು ಮನೆಗೆ ಸಾಲದೇ?

ಕೋಲಾರ ಜಿಲ್ಲೆಯ ಹಳ್ಳಿಗಳಲ್ಲಿ ಮನೆಗೆಂದು ಬೋರ್ ಕೊರೆಸಿದವರ ಬಿಲ್ ಅಡಿ ಲೆಕ್ಕದಲ್ಲಿ ಬರುತ್ತದೆ. ನೀರು ಚಿಮ್ಮಿದರೂ ಅಷ್ಟೇ, ಬರೀ ದೂಳೆದ್ದರೂ ಅಷ್ಟೇ. ರಿಗ್ ಲಾರಿಯವರನ್ನು ದೂರಿ ಫಲವಿಲ್ಲ. ಡೀಸೆಲ್ಲೂ ಕೂಲಿಯೂ ನೀರು ನೋಡಿ ಖರ್ಚಾಗುವುದಿಲ್ಲ. ಆದರೆ ದರದ ರೀತಿ ಗಮನಿಸಿ: ಮೊದಲ 300 ಅಡಿಗೆ ಒಂದು ದರ, ಆಮೇಲೆ ನೂರು ನೂರು ಅಡಿಗೂ ಏರಿಕೆ. ಅಡಿಗೆ 100 ರೂಪಾಯಿಯಿಂದ ಶುರುವಾಗಿ ಪ್ರತಿ ಹಂತಕ್ಕೆ 10 ರೂಪಾಯಿ ಏರುತ್ತದೆಂದು ಲೆಕ್ಕಕ್ಕೆ ಹಿಡಿಯೋಣ. ಮೊದಲ 300 ಅಡಿಗೆ 30,000 ರೂಪಾಯಿ. 900ರಿಂದ 1,200ರವರೆಗಿನ 300 ಅಡಿಗೆ 54,000. ಕೇಸಿಂಗ್ ಪೈಪು, ಮೋಟರು, ಕೇಬಲ್ ಎಲ್ಲ ಬೇರೆ.

ದುಬಾರಿಯಾದ ಆ ಕೊನೆಯ ಅಡಿಗಳಲ್ಲಿ ನೀರಿನ ಭರವಸೆಯೇ ಕಡಿಮೆ. ಇಲ್ಲಿಯದು ಗ್ರಾನೈಟ್, ನೈಸ್ ಬಂಡೆಯ ನೆಲ. ಮೇಲಿನ ಶಿಥಿಲ ಕಲ್ಲಿನ ಪದರ ಮಳೆನೀರು ಹಿಡಿದಿಡುತ್ತಿತ್ತು, ತೆರೆದ ಬಾವಿಗಳು ಬದುಕಿದ್ದೂ ಅದರಿಂದಲೇ. ಅದು ಬತ್ತಿದ ಮೇಲೆ ಉಳಿದದ್ದು ಬಂಡೆಯ ಬಿರುಕು, ಅಂದರೆ ಬೋರ್‌ನವರು ಹೇಳುವ ‘ಗ್ಯಾಪ್’. ಇಳಿದಷ್ಟೂ ಗ್ಯಾಪ್ ಅಪರೂಪ. ಸಿಕ್ಕ ನೀರಿನಲ್ಲೂ ಫ್ಲೋರೈಡ್ ಕಾಟ.

ಹಾಗಿದ್ದೂ ‘ಅರ್ಧ ಇಂಚು ಸಾಲದು, ಇನ್ನೊಂದು ನೂರಡಿ ಹೋಗ್ಲಿ’ ಎನ್ನುವವರೇ ಹೆಚ್ಚು. ಈ ಇಂಚು ಎಂಬುದು ‘ವಿ’ ಆಕಾರದ ಕಚ್ಚಿನಲ್ಲಿ ಹರಿಯುವ ನೀರಿನ ಎತ್ತರ. ಕಚ್ಚು 90 ಡಿಗ್ರಿಯದಾದರೆ ಒಂದಿಂಚಿಗೆ ಗಂಟೆಗೆ ಸುಮಾರು 500 ಲೀಟರ್, ಎರಡಿಂಚಿಗೆ ಹೆಚ್ಚುಕಡಿಮೆ 2,900 ಲೀಟರ್. ಅರ್ಧ ಇಂಚೆಂದರೆ 90 ಲೀಟರ್. ತೋಟಕ್ಕೆ ಅದು ಯಾತಕ್ಕೂ ಸಾಲದು, ನಿಜ. ಆದರೆ ತಲೆಗೆ ದಿನಕ್ಕೆ 135 ಲೀಟರಿನಂತೆ ಐದು ಜನರ ಮನೆಗೆ ಬೇಕಾದದ್ದು 675 ಲೀಟರ್. ಅರ್ಧ ಇಂಚಿನ ಬೋರ್ ಏಳೆಂಟು ಗಂಟೆಯಲ್ಲಿ ಅಷ್ಟು ತುಂಬಿಸುತ್ತದೆ. ಬೇಸಿಗೆಯಲ್ಲಿ ಇಳುವರಿ ಕುಸಿಯುವುದಕ್ಕೆ ಒಂದಿಷ್ಟು ಕಳೆದುಕೊಂಡರೂ ಸಣ್ಣ ಮೋಟರು, ದೊಡ್ಡ ಸಂಪು ಇದ್ದರೆ ಸಂಸಾರ ನಡೆಯುತ್ತದೆ. ಮನೆಯ ಬೋರನ್ನು ತೋಟದ ಬೋರಿನ ಅಳತೆಯಲ್ಲಿ ಅಳೆಯುವುದೇ ಸಾಲದ ಮೂಲ.

ಇನ್ನೊಂದು ನಷ್ಟ ಯಾರ ಲೆಕ್ಕಕ್ಕೂ ಸೇರುವುದಿಲ್ಲ. ಮಣ್ಣು ಎಷ್ಟು ಅಡಿಗೆ ಮುಗಿಯಿತು, ಗ್ಯಾಪ್ ಎಲ್ಲಿ ಸಿಕ್ಕಿತು ಎಂಬುದು ರಿಗ್ ನಡೆಸಿದವರಿಗೆ ಅಂದೇ ಗೊತ್ತಿರುತ್ತದೆ. ಲಾರಿ ಊರು ದಾಟಿದರೆ ಆ ಮಾಹಿತಿಯೂ ಹೋಯಿತು. ಪಕ್ಕದ ಸೈಟಿನವರು ಮತ್ತೆ ತೆಂಗಿನಕಾಯಿ ಹಿಡಿದು ಪಾಯಿಂಟ್ ನೋಡುವವರ ಹಿಂದೆ ಸುತ್ತುತ್ತಾರೆ. 2011ರ ರಾಜ್ಯ ಅಂತರ್ಜಲ ಕಾಯ್ದೆ ಅನುಮತಿ, ನೋಂದಣಿಯ ಮಾತಾಡುತ್ತದೆ. ಊರಿನವರಿಗೆ ಬೇಕಾದದ್ದು ಪ್ರತಿ ಬೋರಿನ ಆಳ, ಗ್ಯಾಪು, ಇಳುವರಿ ಬರೆದ ಪಂಚಾಯಿತಿ ಪುಸ್ತಕ. ವಿಫಲವಾದ ಬೋರಿನ ವಿವರ ಅದರಲ್ಲಿ ಮೊದಲು ಬರಬೇಕು.

ಸರ್ಕಾರ ಆ ಪುಸ್ತಕ ತೆರೆಯುವವರೆಗೆ ಕಾಯಬೇಕಿಲ್ಲ. ಕೊರೆಸುವ ಮುನ್ನ ಸುತ್ತಲಿನ ನಾಲ್ಕು ಬೋರಿನವರನ್ನು ವಿಚಾರಿಸಿ. ಎಷ್ಟು ಅಡಿಗೆ ನಿಲ್ಲಿಸಬೇಕೆಂದು ರಿಗ್ ಬರುವ ಮೊದಲೇ ತೀರ್ಮಾನಿಸಿ. ಅಡಿವಾರು ವಿವರ ಬರೆಸಿಕೊಳ್ಳದೆ ಬಿಲ್ ಕೊಡಬೇಡಿ.