ನೆರಳಿನ ಕ್ರಯ

ಹಳೆಯ ಬಡಾವಣೆಯಲ್ಲಿ ಮನೆ ಕೊಳ್ಳುವವರು ಗೋಡೆಗೆ ಕೊಡುವಷ್ಟೇ ಹಣವನ್ನು ನೆರಳಿಗೂ ತೆರುತ್ತಾರೆ. ಆದರೆ ಕ್ರಯಪತ್ರದಲ್ಲಿ ನೆರಳಿನ ಮಾತೇ ಇರುವುದಿಲ್ಲ. ಆದುದರಿಂದಲೇ ಏನೋ, ಎಷ್ಟೋ ಕಡೆ ಯಜಮಾನರ ಗೃಹಪ್ರವೇಶಕ್ಕೆ ಮುಂಚೆ ಕೊಡಲಿಯ ಪ್ರವೇಶವಾಗುತ್ತದೆ!

ಮಡತ್ತುಕುಳಂ, ಉಡುಮಲೈಪೇಟೆಗಳ ಕಡೆಯಿಂದ ಬೆಂಗಳೂರಿಗೆ ಹೋಗಿ ಮನೆ ಕೊಳ್ಳಬಯಸುವ ನಮ್ಮವರು ಮಲ್ಲೇಶ್ವರದ ಪೂರ್ವವೃತ್ತಾಂತವನ್ನು ಕೊಂಚ ಪರಾಂಬರಿಸಬೇಕು. 1898ರ ಪ್ಲೇಗಿಗೆ ಇಕ್ಕಟ್ಟಾದ ಪೇಟೆ ತತ್ತರಿಸಿದ ಕಾಲದಲ್ಲಿ ಬೆಳೆದ ಬಡಾವಣೆಗಳು ಮಲ್ಲೇಶ್ವರ ಮತ್ತು ಬಸವನಗುಡಿ. ಅಗಲವಾದ ಬೀದಿ, ಮನೆಯ ಸುತ್ತ ತೆರಪು, ಗಾಳಿ, ಬೆಳಕು: ಇವು ಅಲ್ಲಿ ಅಲಂಕಾರಗಳಲ್ಲ, ಆರೋಗ್ಯದ ಏರ್ಪಾಡುಗಳು. ಮಲ್ಲೇಶ್ವರದ ಎರಡು ಮುಖ್ಯ ರಸ್ತೆಗಳಾದ ಸಂಪಿಗೆ ರಸ್ತೆ, ಮಾರ್ಗೋಸಾ ರಸ್ತೆಗಳು ಸಂಪಿಗೆ ಮತ್ತು ಬೇವಿನ ಹೆಸರನ್ನೇ ಹೊತ್ತಿವೆ. ಮರ ಹೋದ ಮೇಲೆ ಆ ಹೆಸರುಗಳಿಗೆ ಅರ್ಥವೇನು?

“ಕೊಂಡ ಮೇಲೆ ಮರ ನನ್ನದು, ಕೇಳುವವರಾರು?” ಎನ್ನುವವರುಂಟು. ಕಾನೂನು ಕೇಳುತ್ತದೆ. ಕರ್ನಾಟಕದ 1976ರ ವೃಕ್ಷ ಸಂರಕ್ಷಣಾ ಅಧಿನಿಯಮದಂತೆ, ವಿನಾಯಿತಿ ಪಡೆದ ಕೆಲವು ಜಾತಿಗಳನ್ನುಳಿದು, ಸ್ವಂತ ಹಿತ್ತಲ ಮರವನ್ನು ಕಡಿಯಲೂ ವೃಕ್ಷಾಧಿಕಾರಿಯ ಅಪ್ಪಣೆ ಬೇಕು.

ಸಂಸಾರ ಬೆಳೆದರೆ ಕೋಣೆ ಬೇಕೆಂಬುದು ನ್ಯಾಯವೇ. ಅದಕ್ಕೆ ಮಹಡಿಯುಂಟು. ಕಾರಿನ ನಿಲುಗಡೆಗಾಗಿ ಮರವನ್ನು ಬಲಿಗೊಡುವುದು ಯಾವ ನ್ಯಾಯ? ಮನೆ ಒಂದೆರಡು ವರ್ಷದಲ್ಲಿ ಎದ್ದೀತು. ಹೆಮ್ಮರಕ್ಕೆ ತಲೆಮಾರೇ ಬೇಕು. ಶಾಲೆಯ ಮಕ್ಕಳೂ ಮಾಡಬಲ್ಲ ಈ ಲೆಕ್ಕವನ್ನು ಲಕ್ಷಗಟ್ಟಲೆ ಎಣಿಸುವವರು ತಪ್ಪುವುದೇ ಸೋಜಿಗ.

ಮರದೊಡನೆ ಬಾಳಲಾರದವರು ಬಯಲಿನಲ್ಲಿ ನಿವೇಶನ ಕೊಳ್ಳಲಿ. ಅವರ ಹಣವೂ ಉಳಿದೀತು, ನೆರೆಯವರ ನೆರಳೂ ಉಳಿದೀತು.